ಫೆಸ್ಟ್ ಎಷ್ಟು ಗಂಟೆಗೆ ಮುಗಿಯುತ್ತೆ?

ಕಾಲೇಜಲ್ಲಿ ಕಲ್ಚರಲ್ ಸೆಕ್ರೆಟರಿ ಆಗಿದ್ದೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ನಿಮ್ಮ ಫೆಸ್ಟ್‌ಗೆ ಯಾರ್ ಬಂದಿದ್ರು?’ ಯಾರು ಅಂದ್ರೆ ಸಿನಿಮಾದವರು, ರಿಯಾಲಿಟಿ ಶೋನಲ್ಲಿ ಹಾಡಿದವರು, ಅದೂ ಇಲ್ಲಾಂದ್ರೆ ಬೆಂಗಳೂರಿನ ಯಾವುದಾದ್ರೂ ಬ್ಯಾಂಡು. ‘ಫೆಸ್ಟ್ ಎಷ್ಟು ಗಂಟೆಗೆ ಮುಗೀತಿತ್ತು?’ ಅಂತ ಇದುವರೆಗೂ ಒಬ್ಬರೂ ಕೇಳಿಲ್ಲ. ಎರಡು ವರ್ಷ ಆ ಕೆಲಸ ಮಾಡಿದ ನನಗೆ ಮಾತ್ರ ಕೇಳಬೇಕಾದ್ದು ಅದೇ ಅನಿಸುತ್ತೆ.

ನಮ್ಮದು ಒಂದು ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜು. ಊರಿಂದ ಆರೇಳು ಕಿಲೋಮೀಟರ್ ಆಚೆ, ಹೈವೇ ಪಕ್ಕ. ಮುಂದೆ ದೊಡ್ಡ ಕಮಾನು, ಹಿಂದೆ ಮುಸುಕಿನ ಜೋಳದ ಹೊಲ. ನಾನು 2012ರಲ್ಲಿ ಸೇರಿ 2016ರಲ್ಲಿ ಹೊರಬಂದೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಎಷ್ಟೋ ವರ್ಷ ಆಗಿತ್ತು. ಹಾಗಾಗಿ ಸೆಕ್ರೆಟರಿ ಅಂದ್ರೆ ಲೆಕ್ಚರರ್‌ಗಳು ಆರಿಸಿದವರು. ಮಾನದಂಡ ಸರಳ: ಬ್ಯಾಕ್‌ಲಾಗ್ ಇರಬಾರದು, ವಿಟಿಯು ಕೇಳೋ 85 ಪರ್ಸೆಂಟ್ ಅಟೆಂಡೆನ್ಸ್ ಇರಬೇಕು, ಎದುರು ಮಾತಾಡಬಾರದು. ಮೊದಲೆರಡು ನನ್ನ ಹತ್ರ ಇತ್ತು. ಮೂರನೆಯದನ್ನು ಅವರು ಸರಿಯಾಗಿ ಚೆಕ್ ಮಾಡಲಿಲ್ಲ.

ಮೂರನೇ ವರ್ಷ ಜಾಯಿಂಟ್ ಸೆಕ್ರೆಟರಿ, ಕೊನೇ ವರ್ಷ ಸೆಕ್ರೆಟರಿ. ಹೊರಗಿಂದ ನೋಡೋರಿಗೆ ಫೆಸ್ಟ್ ಅಂದ್ರೆ ಸ್ಟೇಜು, ಲೈಟು, ಡಿಜೆ. ಒಳಗಿದ್ದೋರಿಗೆ ಅದೊಂದು ಎಕ್ಸೆಲ್ ಶೀಟು. ಶಾಮಿಯಾನ, ಸೌಂಡ್ ಸಿಸ್ಟಮ್, ಜನರೇಟರ್‌ಗೆ ಡೀಸೆಲ್, ಊಟದ ಕೂಪನ್, ಫ್ಲೆಕ್ಸ್, ಸ್ಮರಣಿಕೆ, ಜಡ್ಜ್‌ಗಳನ್ನು ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬರೋಕೆ ಯಾರ ಕಾರು. ಇದೆಲ್ಲ ಹೇಗೋ ಆಗುತ್ತೆ. ಆಗದೇ ಇರೋದು ಆ ಶೀಟಿನ ‘ಸಮಯ’ ಅನ್ನೋ ಕಾಲಂ.

ಉದ್ಘಾಟನೆ ಬೆಳಗ್ಗೆ 10ಕ್ಕೆ ಅಂತ ಇನ್ವಿಟೇಷನ್‌ನಲ್ಲಿ ಅಚ್ಚಾಗಿರುತ್ತೆ. ಮುಖ್ಯ ಅತಿಥಿ ಬರೋದು 11.15ಕ್ಕೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು (ಯಾರಾದ್ರೂ ‘ಫ್ಯಾನ್ ಆಫ್ ಮಾಡ್ರೋ’ ಅಂತ ಕೂಗೋ ತನಕ ಬತ್ತಿ ಹತ್ತಲ್ಲ), ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ. ಮುಗಿಯೋಷ್ಟರಲ್ಲಿ ಒಂದೂವರೆ. ಆಮೇಲೆ ಊಟ. ಅಂದ್ರೆ ಬೆಳಗ್ಗೆ ಖರ್ಚಾದ ಮೂರು ಗಂಟೆಯನ್ನು ನಾವು ಸಂಜೆಯಿಂದ ಸಾಲ ತರ್ತಿದ್ವಿ. ಕ್ವಿಜ್, ಡಿಬೇಟ್, ಮ್ಯಾಡ್ ಆಡ್ಸ್ ಎಲ್ಲ ಒಂದರ ಹಿಂದೆ ಒಂದು ಕೆಳಗೆ ಜಾರಿ, ಫೈನಲ್‌ಗಳು ಕತ್ತಲಾದ ಮೇಲೆ. ಸಾಲ ತಂದೋರು ಒಬ್ಬರು, ತೀರಿಸೋರು ಬೇರೆಯವರು.

2015ರ ಫೆಸ್ಟ್‌ನಲ್ಲಿ ತೀರಿಸಿದ್ದು ಎಂಟು ಹುಡುಗಿಯರು.

ಗ್ರೂಪ್ ಡ್ಯಾನ್ಸ್‌ನಲ್ಲಿ ಅವರದ್ದು ಕಂಸಾಳೆ. ಎರಡನೇ ವರ್ಷದ ಇ ಅಂಡ್ ಸಿ ಹುಡುಗಿಯರು, ಎಂಟರಲ್ಲಿ ಐದು ಜನ ಹಾಸ್ಟೆಲ್‌ನವರು. ಒಂದೂವರೆ ತಿಂಗಳು ಮೆಸ್ ಮೇಲಿನ ಟೆರೇಸಿನಲ್ಲಿ ಪ್ರಾಕ್ಟೀಸ್ ಮಾಡಿದ್ರು. ಮಧ್ಯಾಹ್ನದ ಪ್ರಿಲಿಮ್ಸ್‌ನಲ್ಲಿ ಜಡ್ಜ್ ಒಬ್ಬರು ಪೆನ್ ಕೆಳಗಿಟ್ಟು ಚಪ್ಪಾಳೆ ಹೊಡೆದ್ರು. ಫೈನಲ್ ಇದ್ದಿದ್ದು ಐದೂವರೆಗೆ. ಅದು ಶುರುವಾಗಿದ್ದು 7.40ಕ್ಕೆ.

ಲೇಡೀಸ್ ಹಾಸ್ಟೆಲ್ ಗೇಟ್ ಮುಚ್ಚೋದು ಏಳಕ್ಕೆ. ಬಾಯ್ಸ್ ಹಾಸ್ಟೆಲ್‌ಗೆ ಹೇಳೋಕೆ ಒಂಬತ್ತು, ನಿಜಕ್ಕೆ ಹನ್ನೊಂದು, ಕಾಂಪೌಂಡ್ ಹಾರೋರಿಗೆ ಟೈಮೇ ಇಲ್ಲ. ಆ ಐದು ಹುಡುಗಿಯರು ಸಂಜೆ ಐದರಿಂದ ಮೇಕಪ್ ಹಾಕ್ಕೊಂಡು ಸ್ಟೇಜ್ ಹಿಂದೆ ಕೂತಿದ್ದೋರು, 6.50ಕ್ಕೆ ಎದ್ದು ಹೊರಟ್ರು. ಕಾಲಲ್ಲಿ ಗೆಜ್ಜೆ ಹಾಗೇ ಇತ್ತು. ಕತ್ತಲಲ್ಲಿ ಹಾಸ್ಟೆಲ್ ದಾರಿ ಉದ್ದಕ್ಕೂ ಆ ಸದ್ದು ಕೇಳಿಸ್ತಿತ್ತು. ಮುಕ್ಕಾಲು ಗಂಟೆ ಆದಮೇಲೆ ಎಂಸಿ ಮೂರು ಸಲ ಅವರ ಟೀಮ್ ಹೆಸರು ಕೂಗಿ ‘ಆಬ್ಸೆಂಟ್’ ಅಂದ. ಜನ ಓ ಅಂತ ಕೂಗಿದ್ರು. ಯಾಕೆ ಕೂಗಿದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಅಲ್ಲೇ ಇದ್ದೆ. ನಮ್ಮ ಮನೆ ಅದೇ ಊರಲ್ಲಿ. ಅಪ್ಪ ಕೆಲಸ ಮುಗಿಸಿ ಸ್ಕೂಟರ್ ತಂದು ಕಮಾನಿನ ಹತ್ರ ನಿಲ್ಲಿಸ್ಕೊಂಡು, ವಾಚ್‌ಮನ್ ಜೊತೆ ಮಾತಾಡ್ತಾ ಒಂಬತ್ತೂವರೆ ತನಕ ಕಾಯೋರು. ಒಂದೇ ಕಾಲೇಜು, ಒಂದೇ ಫೀಸು, ಒಂದೇ ವಯಸ್ಸು. ನನಗೆ ಫೆಸ್ಟ್ ಒಂಬತ್ತೂವರೆ ತನಕ, ಅವರಿಗೆ ಏಳರ ತನಕ.

ಮುಂದಿನ ವಾರ ವಾರ್ಡನ್ ಮೇಡಂ ಹತ್ರ ಹೋದೆ. ಜಗಳ ಆಡೋಣ ಅಂತಲೇ ಹೋಗಿದ್ದು. ಅವರು ರಿಜಿಸ್ಟರ್ ಮುಚ್ಚಿಟ್ಟು ಕೂರಿಸಿ ಟೀ ಕೊಟ್ರು. ‘ನಿಮ್ಮಪ್ಪ ಗೇಟಲ್ಲಿ ಬಂದು ನಿಂತಿರ್ತಾರೆ ಕಣಮ್ಮ. ಈ ಮಕ್ಕಳ ಅಪ್ಪಂದಿರೆಲ್ಲ ಎಲ್ಲಿ ನಿಂತಿರ್ತಾರೆ ಹೇಳು? ನನ್ನ ಫೋನಲ್ಲಿ’ ಅಂದ್ರು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆದ್ರೆ ಹುಡುಗರಿಗೆ ಒಂದು ಟೈಮು ಹುಡುಗಿಯರಿಗೆ ಒಂದು ಟೈಮು ಅನ್ನೋದು ಸರಿಯಲ್ಲ ಅನ್ನೋ ನನ್ನ ಅಭಿಪ್ರಾಯ ಬದಲಾಗಲಿಲ್ಲ, ಈಗಲೂ ಆಗಿಲ್ಲ. ಸುರಕ್ಷತೆಯ ಹೆಸರಲ್ಲಿ ಹುಡುಗಿಯರ ಹಾಸ್ಟೆಲ್‌ಗೆ ಮಾತ್ರ ಬೇರೆ ನಿಯಮ ಹೇರಬಾರದು ಅಂತ ಯುಜಿಸಿಯ ‘ಸಕ್ಷಮ್’ ವರದಿ 2013ರಲ್ಲೇ ಹೇಳಿತ್ತು. ದೆಹಲಿಯ ಹುಡುಗಿಯರು ಹಾಸ್ಟೆಲ್ ಟೈಮಿಂಗ್ ವಿರುದ್ಧ ‘ಪಿಂಜ್ರಾ ತೋಡ್’ ಅಂತ ಬೀದಿಗೆ ಇಳಿದಿದ್ದೂ ಅದೇ 2015ರಲ್ಲಿ. ನಮ್ಮ ಕಡೆಗೆ ಅದು ಪೇಪರಿನ ಒಳಪುಟದ ಸುದ್ದಿಯಾಗಿ ಬಂತು, ಅಷ್ಟೇ. ಹಾಸ್ಟೆಲ್ ಗೇಟು ನನ್ನ ಕೈಲಿರಲಿಲ್ಲ. ಮುಂದಿನ ವರ್ಷದ ಎಕ್ಸೆಲ್ ಶೀಟು ಇತ್ತು.

ಸೆಕ್ರೆಟರಿ ಆದಮೇಲೆ ನಾವು ಮೊದಲು ಮಾಡಿದ ಕೆಲಸ ಥೀಮ್ ಹುಡುಕೋದಲ್ಲ, ಲೋಗೋ ಅಲ್ಲ. ಪ್ರತಿ ಕ್ಲಾಸಿಗೂ ಎ4 ಹಾಳೆ ಹಿಡ್ಕೊಂಡು ಹೋದ್ವಿ. ಗೂಗಲ್ ಫಾರ್ಮ್ ಕಳಿಸಿದ್ರೆ ಯಾರು ತುಂಬ್ತಾರೆ ಅಂತ ನಿಮಗೂ ಗೊತ್ತು. ಕೇಳಿದ್ದು ಮೂರೇ: ಸಂಜೆ ಎಲ್ಲಿಗೆ ಹೋಗ್ತೀರ, ಹೇಗೆ ಹೋಗ್ತೀರ, ಎಷ್ಟು ಗಂಟೆಗೆ ಹೊರಡಲೇಬೇಕು. ಹೆಸರು ಬರೀಬೇಕಾಗಿಲ್ಲ.

ನಾನು ಹಾಸ್ಟೆಲ್ ಹುಡುಗಿಯರ ಲೆಕ್ಕ ತೆಗೆಯೋಕೆ ಹೋಗಿದ್ದೆ. ಹಾಳೆಗಳಲ್ಲಿ ಬಂದಿದ್ದು ಬೇರೆಯೇ. ‘ನಮ್ಮೂರಿಗೆ ಕೊನೇ ಬಸ್ 6.15. ತಪ್ಪಿದ್ರೆ ಕ್ರಾಸ್ ತನಕ ಯಾವುದಾದ್ರೂ ಲಾರಿ, ಆಮೇಲೆ ನಾಲ್ಕು ಕಿಲೋಮೀಟರ್ ನಡಿಗೆ.’ ‘ಸಂಜೆ ಹಾಲು ಕರೆದು ಡೇರಿಗೆ ಹಾಕಬೇಕು, ಅಮ್ಮಂಗೆ ಕೈ ಆಗಲ್ಲ.’ ‘ಆರರಿಂದ ಹತ್ತು ಮೆಡಿಕಲ್ ಶಾಪಲ್ಲಿ ಕೆಲಸ.’ ಇವನು ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವನು ಇರಬೇಕು, ಆ ಬೆಂಚಿನ ಹಾಳೆಗಳಲ್ಲಿತ್ತು. ಒಬ್ಬರು ಬರೀ ‘5.30’ ಅಂತ ಬರೆದು ಎರಡು ಗೆರೆ ಎಳೆದಿದ್ರು. ಹಳ್ಳಿಯಿಂದ ಬಸ್‌ಪಾಸಲ್ಲಿ ಓಡಾಡೋ ಹುಡುಗರು ಫೆಸ್ಟ್‌ಗೆ ನಿಲ್ಲದೇ ಇದ್ದಾಗ ‘ಅವರಿಗೆ ಇಂಟರೆಸ್ಟ್ ಇಲ್ಲ ಬಿಡ್ರಿ’ ಅಂತ ಸ್ಟಾಫ್‌ರೂಮಲ್ಲಿ ಮಾತಿತ್ತು. ಅವರಿಗೆ ಬಸ್ ಇರಲಿಲ್ಲ, ಅಷ್ಟೇ. ಹುಡುಗರಿಗೂ ಗೇಟ್ ಇರುತ್ತೆ, ಅದು ಕೆಎಸ್‌ಆರ್‌ಟಿಸಿ ಟೈಮ್‌ಟೇಬಲ್ಲಿನಲ್ಲಿ ಇರುತ್ತೆ.

ಕಂಪ್ಯೂಟರ್ ಸೈನ್ಸ್‌ನವರು ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಶೆಡ್ಯೂಲಿಂಗ್ ಓದಿರ್ತೀರ. ‘ಅರ್ಲಿಯೆಸ್ಟ್ ಡೆಡ್‌ಲೈನ್ ಫಸ್ಟ್’ ಅಂತ ಒಂದು ವಿಧಾನ: ಯಾವುದರ ಗಡುವು ಮೊದಲು ಬರುತ್ತೋ ಅದನ್ನು ಮೊದಲು ಓಡಿಸು. ಇಂಟರ್ನಲ್ಸ್‌ಗೆ ಉರು ಹೊಡೆದಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಫೆಸ್ಟ್ ಪಟ್ಟಿಯನ್ನು ತಲೆಕೆಳಗು ಮಾಡಿದ್ವಿ. ಗುಂಪಿನ ಸ್ಪರ್ಧೆಗಳ ಫೈನಲ್ ಎಲ್ಲ ಎರಡನೇ ದಿನ ಬೆಳಗ್ಗೆ ಒಂಬತ್ತೂವರೆಯಿಂದ. ಬ್ಯಾಂಡು ಮೂರೂವರೆಗೆ. ಐದಕ್ಕೆ ಬಹುಮಾನ. ಕತ್ತಲಾದ ಮೇಲೆ ಡಿಜೆ, ಇರೋರು ಇರಲಿ ಹೋಗೋರು ಹೋಗಲಿ. ಉದ್ಘಾಟನೆ ಇಪ್ಪತ್ತೈದು ನಿಮಿಷ, ಅದೂ ಮೊದಲ ದಿನ ಮಧ್ಯಾಹ್ನ ಊಟ ಆದಮೇಲೆ.

ಇದನ್ನು ಪ್ರಿನ್ಸಿಪಾಲ್ ಟೇಬಲ್ ಮೇಲೆ ಇಟ್ಟ ದಿನ ಕಮಿಟಿ ಅರ್ಧ ನನ್ನ ಎದುರಿಗಿತ್ತು. ಅವರ ಮಾತಲ್ಲೂ ಹುರುಳಿತ್ತು. ಬಿಸಿಲಲ್ಲಿ ಲೈಟ್ಸ್‌ಗೆ ಕೊಟ್ಟ ದುಡ್ಡು ದಂಡ. ಬೇರೆ ಕಾಲೇಜಿನವರು ಬರೋದೇ ಸಂಜೆ. ಬೈಕ್ ಶೋರೂಮಿನವರು ‘ಸಾಯಂಕಾಲದ ಕ್ರೌಡ್ ಇಲ್ಲ ಅಂದ್ರೆ ಸ್ಟಾಲ್‌ಗೆ ಅರ್ಧ ರೇಟು’ ಅಂದ್ರು, ಕೊಟ್ಟಿದ್ದೂ ಅರ್ಧವೇ. ಗೇಟ್ ಪರೀಕ್ಷೆಗೆ ಕೋಚಿಂಗ್ ಕೊಡೋ ಒಂದು ಸಂಸ್ಥೆಯವರು ಹಿಂದೆ ಸರಿದ್ರು. ‘ಮಗಾ, ಇದು ಫೆಸ್ಟಾ ಸ್ಕೂಲ್ ಡೇನಾ?’ ಅಂತ ಮೆಕ್ಯಾನಿಕಲ್ ಹುಡುಗರು ಮೀಟಿಂಗಲ್ಲೇ ಕೇಳಿದ್ರು. ಪ್ರಿನ್ಸಿಪಾಲ್ ಸರ್ ಒಪ್ಪಿದ್ದು ನನ್ನ ವಾದಕ್ಕಲ್ಲ, ಡೀಸೆಲ್ ಲೆಕ್ಕಕ್ಕೆ. ಜನರೇಟರ್ ನಾಲ್ಕು ಗಂಟೆ ಕಮ್ಮಿ ಓಡುತ್ತೆ ಅಂದೆ. ಸಹಿ ಹಾಕಿದ್ರು.

ಮೈಕ್ ಪರ್ಮಿಷನ್‌ಗೆ ಪೊಲೀಸ್ ಸ್ಟೇಷನ್‌ಗೆ ಹೋಗಬೇಕಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಂಗಿಲ್ಲ ಅನ್ನೋದೇ ಅಲ್ಲಿಯ ದೊಡ್ಡ ವಿಷಯ ಅಂದ್ಕೊಂಡು, ನಮ್ಮದು ಎಂಟಕ್ಕೆ ಮುಗಿಯುತ್ತೆ ಸರ್ ಅಂತ ಜಂಬದಿಂದ ಹೇಳಿದೆ. ಎಸ್‌ಐ ನಮ್ಮ ಲೇಔಟ್ ಹಾಳೆ ತಿರುಗಿಸಿ ನೋಡಿದ್ರು. ಬಯಲು ರಂಗಮಂದಿರ, ಮೂರು ಕಡೆ ಮೆಟ್ಟಿಲು, ಒಂದೇ ದಾರಿ. ‘ಬ್ಯಾಂಡ್ ಟೈಮಿಗೆ ಎಷ್ಟು ಜನ?’ ಅಂದ್ರು. ಹೇಳಿದೆ. ‘ಮಳೆ ಬಂದ್ರೆ ಎಲ್ಲಿಗೆ ಓಡ್ತಾರೆ?’

ಏಪ್ರಿಲ್ ಮೊದಲ ವಾರ. ಸಂಜೆ ಹೊತ್ತಿಗೆ ಗುಡುಗು ಮಳೆ ಬರೋ ಕಾಲ. ನಾವು ಥೀಮ್ ಸಾಂಗ್ ಬಗ್ಗೆ ಎರಡು ವಾರ ಚರ್ಚೆ ಮಾಡಿದ್ವಿ, ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಅವರೇ ಪೆನ್ ತಗೊಂಡು ಹಾಳೆ ಮೇಲೆ ಗೀಚಿದ್ರು. ಹಿಂದಿನ ಬೇಲಿ ಬಿಚ್ಚಿ ಇನ್ನೊಂದು ದಾರಿ ಮಾಡಿ. ಬರೋ ದಾರಿ ಬೇರೆ, ಹೋಗೋ ದಾರಿ ಬೇರೆ ಇರಲಿ. ಕಾರ್ಯಕ್ರಮಕ್ಕೆ ಒಂದೂವರೆ ಗಂಟೆ ಮುಂಚೆನೇ ಗೇಟ್ ತೆಗೀರಿ, ಬಂದೋರು ಬಂದಂಗೆ ಕೂತ್ಕೊಳ್ಲಿ. ಹೊರಗೆ ಗುಂಪು ಕಟ್ಟೋಕೆ ಬಿಡಬೇಡಿ, ಅದರಲ್ಲೂ ಮೆಟ್ಟಿಲ ತುದೀಲಿ. ಬ್ಲಾಕ್‌ಗಳ ಕಾರಿಡಾರ್ ಬಾಗಿಲು ಬೀಗ ಹಾಕಬೇಡಿ, ಮಳೆ ಬಂದ್ರೆ ಅಲ್ಲಿಗೇ ಹೋಗ್ಬೇಕು. ಹತ್ತು ನಿಮಿಷದ ಪಾಠ. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ಇಷ್ಟು ನೇರವಾಗಿ ಯಾರೂ ಡಿಸೈನ್ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಮಳೆ ಬರಲಿಲ್ಲ. ಬ್ಯಾಂಡಿನವರು ಬಿಸಿಲಿಗೆ ಬೈಕೊಂಡೇ ಹಾಡಿದ್ರು, ಗಿಟಾರ್‌ನವನು ಟೋಪಿ ಕೇಳಿ ಹಾಕ್ಕೊಂಡ. ಹೊರಗಿನ ಕಾಲೇಜುಗಳಿಂದ ಹಿಂದಿನ ವರ್ಷಕ್ಕಿಂತ ಕಮ್ಮಿ ಜನ ಬಂದ್ರು, ಫೋಟೊಗಳೂ ಸಪ್ಪೆ. ಫೇಸ್‌ಬುಕ್‌ನಲ್ಲಿ ಯಾರೋ ‘ವರ್ಸ್ಟ್ ಫೆಸ್ಟ್ ಎವರ್’ ಅಂತ ಹಾಕಿದ್ರು, ಅದಕ್ಕೆ ಸಾಕಷ್ಟು ಲೈಕೂ ಬಂತು. ಕಂಸಾಳೆ ಹುಡುಗಿಯರು ಈಗ ಮೂರನೇ ವರ್ಷ. ಬೆಳಗ್ಗೆ ಹನ್ನೊಂದಕ್ಕೆ ಕುಣಿದ್ರು. ಎರಡನೇ ಬಹುಮಾನ. ನನ್ನ ಪ್ರಕಾರ ಮೊದಲನೆಯದೇ ಬರಬೇಕಿತ್ತು, ಆದ್ರೆ ಜಡ್ಜ್‌ಗಳ ಮಾರ್ಕ್ಸ್ ಶೀಟ್ ನೋಡಿದ್ದೀನಿ, ಅರ್ಧ ಮಾರ್ಕು ಕಮ್ಮಿ ಇತ್ತು. ವಾರ್ಡನ್ ಮೇಡಂ ಕೊನೇ ಸಾಲಿನಲ್ಲಿ ಛತ್ರಿ ಹಿಡ್ಕೊಂಡು ನಿಂತು ನೋಡಿದ್ರು. ಅವತ್ತು ಸಂಜೆ ಡಿಜೆಗೂ ಹಾಸ್ಟೆಲ್ ಹುಡುಗಿಯರನ್ನು ಎಂಟರ ತನಕ ಬಿಟ್ರು, ಲಿಸ್ಟ್ ಬರೆಸ್ಕೊಂಡು, ಕಾಲೇಜ್ ಬಸ್ಸಲ್ಲೇ ಇಳಿಸಬೇಕು ಅನ್ನೋ ಷರತ್ತಿನ ಮೇಲೆ. ಕಾಲೇಜಿಂದ ಹಾಸ್ಟೆಲ್‌ಗೆ ಮುನ್ನೂರು ಮೀಟರ್. ಬಸ್ಸಲ್ಲೇ ಹೋದ್ರು.

ಒಂದು ಸುದ್ದಿ ನೋಡಿ ಈ ಹಳೇ ಕಥೆ ಮತ್ತೆ ತಲೆಗೆ ಹೊಕ್ಕಿತು. 2023ರ ನವೆಂಬರ್ 25. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಟೆಕ್ ಫೆಸ್ಟ್. ಸಂಜೆ ಬಯಲು ರಂಗಮಂದಿರದಲ್ಲಿ ಗಾಯಕಿಯೊಬ್ಬರ ಕಾರ್ಯಕ್ರಮ ಇನ್ನೇನು ಶುರುವಾಗಬೇಕು. ಹೊರಗೆ ಕಾಯ್ತಿದ್ದ ಜನ, ಅಷ್ಟರಲ್ಲಿ ಮಳೆ. ನುಗ್ಗಾಟದಲ್ಲಿ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಾಲ್ಕು ಜನ ಸತ್ತರು. ಮೂವರು ಅಲ್ಲಿಯ ವಿದ್ಯಾರ್ಥಿಗಳು.

ಅವತ್ತು ಶನಿವಾರ, ನಾನು ಬೆಂಗಳೂರಿನ ಫ್ಲ್ಯಾಟಲ್ಲಿ ಬಟ್ಟೆ ಮಡಚ್ತಿದ್ದೆ. ಟಿವಿಯಲ್ಲಿ ಆ ಮೆಟ್ಟಿಲು ತೋರಿಸಿದಾಗ ನೆನಪಾಗಿದ್ದು ಎಸ್‌ಐ ಗೀಚಿದ ಹಾಳೆ. ಅಲ್ಲಿನ ವಿದ್ಯಾರ್ಥಿ ಕಮಿಟಿಯವರ ಬಗ್ಗೆ ಜನ ಬರೆದಿದ್ದನ್ನೆಲ್ಲ ಓದೋಕೆ ಆಗಲಿಲ್ಲ. ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನ ಮಕ್ಕಳಿಗೆ ಸಾವಿರಾರು ಜನರನ್ನು ಸಂಭಾಳಿಸೋ ಕೆಲಸ ಕೊಡ್ತೀವಿ, ಅದಕ್ಕೆ ‘ಲೀಡರ್‌ಶಿಪ್ ಸ್ಕಿಲ್ಸ್’ ಅಂತ ಹೆಸರಿಡ್ತೀವಿ, ಮಳೆ ಬಂದ್ರೆ ಎಲ್ಲಿ ಹೋಗಬೇಕು ಅಂತ ಮಾತ್ರ ಹೇಳಿಕೊಡಲ್ಲ. ನಮಗೆ ಹೇಳಿದವರು ಸಿಕ್ಕಿದ್ದು ಬರೀ ಅದೃಷ್ಟ. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ನೂಕುನುಗ್ಗಲಲ್ಲಿ 11 ಜನ ಹೋದರು. ಅಲ್ಲಿ ಇಪ್ಪತ್ತರ ಮಕ್ಕಳು ಕಮಿಟಿಯಲ್ಲಿ ಇರಲಿಲ್ಲ, ದೊಡ್ಡವರೇ ಇದ್ದರು.

ಈಗಲೂ ಕಾಲೇಜಿಂದ ಜೂನಿಯರ್‌ಗಳು ಆಗಾಗ ಫೋನ್ ಮಾಡ್ತಾರೆ. ‘ಅಕ್ಕಾ, ಸ್ಪಾನ್ಸರ್ ಕೊಡಿಸಿ’ ಅನ್ನೋದೇ ಜಾಸ್ತಿ. ಅವರ ಕಾಲ ಬೇರೆ. ಎಐಸಿಟಿಇಯವರು 2017ರಲ್ಲಿ ಹೊಸಬರಿಗೆ ಮೂರು ವಾರದ ಇಂಡಕ್ಷನ್ ಪ್ರೋಗ್ರಾಂ ತಂದ್ರು. ಆಮೇಲೆ ಆಕ್ಟಿವಿಟಿ ಪಾಯಿಂಟ್ಸ್ ಬಂತು: ರೆಗ್ಯುಲರ್ ವಿದ್ಯಾರ್ಥಿಗಳಿಗೆ 100, ಡಿಪ್ಲೊಮಾದಿಂದ ಬಂದವರಿಗೆ 75. ಸಮಾಜಕ್ಕೆ ಉಪಯೋಗ ಆಗೋ ಕೆಲಸ ಮಾಡಿ ಪಾಯಿಂಟ್ ಗಳಿಸಬೇಕು. ಎಲ್ಲದಕ್ಕೂ ಪಾಯಿಂಟ್ ಹಾಕೋದು ನನಗೆ ಅಷ್ಟಾಗಿ ಇಷ್ಟ ಇಲ್ಲ, ಗಿಡ ನೆಡೋ ಫೋಟೊದಲ್ಲಿ ಗಿಡಕ್ಕಿಂತ ಜನ ಜಾಸ್ತಿ ಇರ್ತಾರೆ. ಇಂಡಕ್ಷನ್ ಮಾತ್ರ ಒಳ್ಳೇದು. ಅದು ಕ್ಲಾಸ್ ಟೈಮಲ್ಲೇ ನಡೆಯುತ್ತೆ, 6.15ರ ಬಸ್ಸಿನವನೂ ಪೂರ್ತಿ ಇರ್ತಾನೆ. ಸ್ಪಾನ್ಸರ್ ಕೇಳಿದವರಿಗೆ ನಾನು ಮೊದಲು ಶೆಡ್ಯೂಲ್ ಕಳಿಸಿ ಅಂತೀನಿ. ಕೆಲವರು ಮತ್ತೆ ಫೋನೇ ಮಾಡಲ್ಲ.

ಕಾಲೇಜು ಮುಗೀತು ಅಂದ್ರೆ ಈ ಕೆಲಸ ಮುಗೀತು ಅಂದ್ಕೊಂಡಿದ್ದೆ. ಹೋದ ವರ್ಷ ಆಫೀಸಲ್ಲಿ ರಾಜ್ಯೋತ್ಸವ ಕಮಿಟಿಗೆ ನನ್ನ ಹೆಸರು ಹಾಕಿದ್ರು. ಕ್ಯಾಲೆಂಡರ್ ಇನ್ವೈಟ್ ಆಗಲೇ ಹೋಗಿತ್ತು: ಸಂಜೆ 6.30ಕ್ಕೆ ಕಾರ್ಯಕ್ರಮ, ಆಮೇಲೆ ಊಟ. ಯಾರಿಗೆ ಅನುಕೂಲ ಅಂತ ಕೇಳಿದೆ. ಪಿಜಿಯಲ್ಲಿ ಇರೋರಿಗೆ, ಬೈಕ್ ಇರೋರಿಗೆ, ಮನೆಯಲ್ಲಿ ಬೇರೆಯವರು ಅಡುಗೆ ಮಾಡೋರಿಗೆ. ಮಧ್ಯಾಹ್ನ ಮೂರೂವರೆಗೆ ಬದಲಾಯಿಸೋಣ ಅಂದೆ. ಒಬ್ಬ ಮ್ಯಾನೇಜರ್‌ಗೆ ಅಮೆರಿಕದ ಕಾಲ್ ಇತ್ತಂತೆ, ಇನ್ನೊಬ್ಬರಿಗೆ ‘ಪ್ರೊಡಕ್ಟಿವ್ ಅವರ್ಸ್’ ಚಿಂತೆ. ಮೂರು ದಿನ ಮೇಲ್ ಆಡಿದ ಮೇಲೆ ಮೂರೂವರೆ ಆಯ್ತು.

ನಮ್ಮ ಟೀಮಲ್ಲಿ ಟೆಸ್ಟಿಂಗ್ ನೋಡ್ಕೊಳ್ಳೋ ಒಬ್ಬಳಿದ್ದಾಳೆ. ಧಾರವಾಡದ ಕಡೆಯವಳು, ನಾಲ್ಕು ವರ್ಷದಿಂದ ಪಕ್ಕದ ಸೀಟು. ದಿನಾ ಐದು ಹೊಡೆಯೋಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಓಡ್ತಾಳೆ, ಆಫೀಸಿನ ಒಂದು ಪಾರ್ಟಿಯಲ್ಲೂ ಅವಳನ್ನು ನೋಡಿದವರಿಲ್ಲ. ಅವತ್ತು ಮೈಕ್ ಹತ್ರ ಬಂದು ‘ನಾ ಒಂದ್ ವಚನ ಹಾಡಲೇನ್ರಿ?’ ಅಂದ್ಲು. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಕೆಫೆಟೇರಿಯಾದಲ್ಲಿ ಕಾಫಿ ಮೆಷಿನ್ ಸದ್ದು ಕೂಡ ಯಾರೋ ಆಫ್ ಮಾಡಿದ್ರು. ಹಿಂದೂಸ್ತಾನಿ ಹನ್ನೆರಡು ವರ್ಷ ಕಲಿತಿದ್ದಾಳಂತೆ, ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಮುಗಿದ ಮೇಲೆ ಎಲ್ಲರೂ ಇನ್ನೊಂದು ಇನ್ನೊಂದು ಅಂತ ಕೂಗಿದ್ರು. ಅವಳು ಗೋಡೆ ಗಡಿಯಾರ ನೋಡಿ ಇನ್ನೊಂದು ಹಾಡಿದ್ಲು, ಮೂರನೆಯದಕ್ಕೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು, ‘ಮುಂದಿನ ಸಲ ಮೂರಕ್ಕ ಇಡ್ರಿ’ ಅಂದು ಲಿಫ್ಟ್ ಕಡೆ ಹೋದ್ಲು. ಮಗಳ ಡೇಕೇರ್ ಮುಚ್ಚೋದು ಆರಕ್ಕೆ.